ಎದೆಯುರಿಗೆ ಯಾವ ಮಾತ್ರೆ, ಯಾವ ಹೊತ್ತಿಗೆ

ಜಠರದಲ್ಲಿ ಆಮ್ಲ ಇರುವುದು ರೋಗವಲ್ಲ. ಅದು ಇರಬೇಕಾದ ಜಾಗ ಬಿಟ್ಟು ಅನ್ನನಾಳಕ್ಕೆ ಏರಿ ಉರಿ, ಹುಳಿತೇಗು, ಗಾಯ ಮಾಡುವುದು ರೋಗ. ವೈದ್ಯರು ಇದಕ್ಕೆ ಜಿ.ಇ.ಆರ್.ಡಿ. ಎನ್ನುತ್ತಾರೆ. ಉಳಿದವರೆಲ್ಲ ಅಸಿಡಿಟಿ ಎಂದೋ ಗ್ಯಾಸ್ಟ್ರಿಕ್ ಎಂದೋ ಹೇಳಿ ಔಷಧದ ಅಂಗಡಿಯಲ್ಲಿ ಕೈ ಚಾಚುತ್ತಾರೆ. ಅಲ್ಲಿ ಸಿಗುವ ನೊರೆಯೇಳುವ ಪುಡಿ, ಗುಲಾಬಿ ಬಣ್ಣದ ದ್ರವ, ಮಾತ್ರೆ, ಕ್ಯಾಪ್ಸೂಲು ಎಲ್ಲವೂ ಒಂದೇ ಕೆಲಸದವು ಎಂಬ ಭಾವನೆ ಸಾಮಾನ್ಯ. ಆದರೆ ಅವು ಕೆಲಸ ಮಾಡುವ ಜಾಗ ಬೇರೆ, ಶುರು ಮಾಡುವ ಹೊತ್ತು ಬೇರೆ, ನಿಲ್ಲುವ ಹೊತ್ತು ಬೇರೆ. ಇವುಗಳಲ್ಲಿ ಯಾವುದು ಹೆಚ್ಚು ಜೋರು ಎಂದು ಕೇಳುವವರೇ ಬಹಳ. ಯಾವ ಬಗೆಯ ಉರಿಗೆ, ದಿನದ ಯಾವ ಹೊತ್ತಿಗೆ, ಎಷ್ಟು ವಾರ ಎಂದು ಕೇಳಿದರೆ ರೋಗಿಗೆ ಅದಕ್ಕಿಂತ ಹೆಚ್ಚು ಉಪಕಾರವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ರಸ ಮೇಲೇರುವುದು ಹೇಗೆ ಎಂದು ನೋಡೋಣ. ಅನ್ನನಾಳ ಜಠರವನ್ನು ಸೇರುವಲ್ಲಿ ಮೂರು-ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಸ್ನಾಯುವಿನ ಬಿಗಿ ಉಂಗುರವೊಂದಿದೆ. ಅದರ ಸುತ್ತ ವಪೆಯ ಸ್ನಾಯುವಿನ ಒತ್ತಾಸೆಯೂ ಇರುತ್ತದೆ. ತುತ್ತು ನುಂಗಿದಾಗ ಉಂಗುರ ಸಡಿಲವಾಗುತ್ತದೆ, ತುತ್ತು ಇಳಿದ ಮೇಲೆ ಬಿಗಿಯುತ್ತದೆ. ನುಂಗದೇ ಇದ್ದಾಗಲೂ ಅದು ಆಗಾಗ ತಾನಾಗಿ ಸಡಿಲವಾಗುವುದುಂಟು. ಊಟದಿಂದ ಜಠರ ಉಬ್ಬಿದಾಗ ವೇಗಸ್ ನರದ ಮೂಲಕ ಮಿದುಳಿಗೆ ಸುದ್ದಿ ಹೋಗಿ, ಒಳಗಿನ ಗಾಳಿ ತೇಗಾಗಿ ಹೊರಬರಲೆಂದು ಉಂಗುರ ಹತ್ತಾರು ಸೆಕೆಂಡು ತೆರೆದುಕೊಳ್ಳುತ್ತದೆ. ಆರೋಗ್ಯವಂತರಲ್ಲೂ ಹೀಗಾಗುತ್ತದೆ. ಗಾಳಿಯ ಜೊತೆ ರಸವೂ ಏರುವುದು, ಏರಿದ್ದು ಬೇಗ ಕೆಳಗಿಳಿಯದಿರುವುದು ತೊಂದರೆಯ ಆರಂಭ. ಹೊಟ್ಟೆಯ ಸುತ್ತ ಬೊಜ್ಜು ಕಟ್ಟಿದವರಲ್ಲಿ, ಗರ್ಭಿಣಿಯರಲ್ಲಿ ಕೆಳಗಿನಿಂದ ಒತ್ತಡ ಹೆಚ್ಚು. ಜಠರದ ಮೇಲ್ತುದಿ ವಪೆಯ ರಂಧ್ರದ ಮೂಲಕ ಎದೆಗೂಡಿಗೆ ಜಾರಿದವರಲ್ಲಂತೂ ವಪೆಯ ಒತ್ತಾಸೆಯೇ ತಪ್ಪಿಹೋಗಿರುತ್ತದೆ. ಇದನ್ನು ಹಯಾಟಸ್ ಹರ್ನಿಯಾ ಎನ್ನುತ್ತಾರೆ.

ಊಟವಾದ ಮೇಲೆ ಹೊಟ್ಟೆಯಲ್ಲಿ ಅನ್ನವಿರುವಾಗ ಆಮ್ಲದ ತೀಕ್ಷ್ಣತೆ ಕಡಿಮೆಯಾಗಬೇಕಷ್ಟೆ? ಹಾಗಿದ್ದರೂ ಎದೆಯುರಿ ಜೋರಾಗುವುದು ಊಟದ ನಂತರವೇ. 2001ರಲ್ಲಿ ಗ್ಲಾಸ್ಗೋದ ಸಂಶೋಧಕರು ಇದಕ್ಕೊಂದು ಉತ್ತರ ಕಂಡರು. ಹೊಸದಾಗಿ ಸ್ರವಿಸಿದ ಆಮ್ಲ ಅನ್ನದೊಂದಿಗೆ ಪೂರ್ತಿ ಬೆರೆಯದೆ ಅದರ ಮೇಲೆ, ಅನ್ನನಾಳದ ಬಾಯಿಯ ಕೆಳಗೇ, ಒಂದು ಪದರವಾಗಿ ನಿಲ್ಲುತ್ತದೆ. ಉಂಗುರ ಸಡಿಲವಾದಾಗ ಮೊದಲು ಏರುವುದು ಈ ಪದರ. ಉಂಡ ಕೂಡಲೇ ಮಲಗಬಾರದು ಎಂಬ ಹಿರಿಯರ ಮಾತಿಗೆ ಇದಕ್ಕಿಂತ ಗಟ್ಟಿ ಸಮರ್ಥನೆ ಬೇಕಿಲ್ಲ.

ಜಠರದ ಆಮ್ಲ ಹೈಡ್ರೊಕ್ಲೋರಿಕ್ ಆಮ್ಲವೆಂದು 1824ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಪ್ರೌಟ್ ತೋರಿಸಿಕೊಟ್ಟರು. ಅದರ ತೀಕ್ಷ್ಣತೆಯನ್ನು ಪಿ.ಎಚ್. ಅಂಕೆಯಲ್ಲಿ ಅಳೆಯುತ್ತಾರೆ. ಅಂಕೆ ಒಂದು ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿದೆ ಎಂದರ್ಥ. ರಕ್ತದ ಪಿ.ಎಚ್. 7.4, ಖಾಲಿ ಜಠರದ್ದು ಒಂದರಿಂದ ಎರಡು. ಎಂದರೆ ಜಠರದ ಗೋಡೆಯ ಕೋಶಗಳು ರಕ್ತದಲ್ಲಿರುವ ಹೈಡ್ರೊಜನ್ ಅಯಾನುಗಳನ್ನು ಹತ್ತು ಲಕ್ಷ ಪಟ್ಟು ಸಾಂದ್ರಗೊಳಿಸಿ ಹೊರಹಾಕುತ್ತವೆ. ನಮ್ಮ ದೇಹದ ಬೇರೆ ಯಾವ ಅಂಗವೂ ಇಂಥ ಸಾಹಸ ಮಾಡುವುದಿಲ್ಲ. ಮೇಲೇರಿದ ರಸದಲ್ಲಿ ಪೆಪ್ಸಿನ್ ಎಂಬ ಕಿಣ್ವವೂ ಇದ್ದು, ಪಿ.ಎಚ್. 4ಕ್ಕಿಂತ ಕೆಳಗಿರುವಾಗ ಅದು ಅನ್ನನಾಳದ ಒಳಪದರವನ್ನು ಮಾಂಸವೆಂದೇ ಬಗೆದು ಜೀರ್ಣಿಸತೊಡಗುತ್ತದೆ. ಆದ್ದರಿಂದ ಔಷಧಗಳನ್ನು ಹೋಲಿಸಲು ತಜ್ಞರು ಬಳಸುವ ಅಳತೆ ಸರಳ: ಇಪ್ಪತ್ತನಾಲ್ಕು ಗಂಟೆಗಳಲ್ಲಿ ಎಷ್ಟು ಗಂಟೆ ಜಠರದ ಪಿ.ಎಚ್. 4ಕ್ಕಿಂತ ಮೇಲಿತ್ತು? ಈ ಗಂಟೆಗಳು ಹೆಚ್ಚಿದಷ್ಟೂ ಅನ್ನನಾಳದ ಗಾಯ ಮಾಯುವ ಸಂಭವ ಹೆಚ್ಚು.

ಎಲ್ಲಕ್ಕಿಂತ ಹಳೆಯ ಉಪಾಯ, ಸುರಿದ ಆಮ್ಲವನ್ನು ಕ್ಷಾರದಿಂದ ತಣಿಸುವುದು. ಅಡಿಗೆ ಸೋಡಾ, ಸುಣ್ಣದ ಕಾರ್ಬೊನೇಟು, ಮೆಗ್ನೀಸಿಯಂ ಮತ್ತು ಅಲ್ಯುಮಿನಿಯಂ ಹೈಡ್ರಾಕ್ಸೈಡುಗಳು ಈ ಗುಂಪಿನವು. ಡೈಜಿನ್, ಜೆಲುಸಿಲ್‌ಗಳಲ್ಲಿ ಮೆಗ್ನೀಸಿಯಂ ಮತ್ತು ಅಲ್ಯುಮಿನಿಯಂ ಎರಡನ್ನೂ ಸೇರಿಸುವುದಕ್ಕೆ ಕಾರಣವಿದೆ. ಮೊದಲನೆಯದು ಭೇದಿ ಮಾಡಿಸುತ್ತದೆ, ಎರಡನೆಯದು ಮಲಬದ್ಧತೆ ತರುತ್ತದೆ, ಒಂದರ ದೋಷವನ್ನು ಇನ್ನೊಂದು ಸರಿದೂಗಿಸುತ್ತದೆ. ಇವುಗಳ ಗುಣ ನಿಮಿಷಗಳಲ್ಲಿ ಕಾಣುತ್ತದೆ. ಬೇರೆ ಯಾವ ಗುಂಪೂ ಇಷ್ಟು ಬೇಗ ಕೆಲಸ ಮಾಡದು. ಆದರೆ ಜಠರ ಆಮ್ಲ ಸುರಿಸುವುದನ್ನು ನಿಲ್ಲಿಸಿರುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಅರ್ಧ ಗಂಟೆ, ಊಟದ ಮೇಲೆ ತೆಗೆದುಕೊಂಡರೆ ಇನ್ನೂ ಕೊಂಚ ಹೊತ್ತು ನೆಮ್ಮದಿ ಸಿಗಬಹುದು. ಗಾಯ ಮಾಯಿಸುವ ಶಕ್ತಿ ಇವಕ್ಕಿಲ್ಲ. ಮದುವೆ ಊಟದ ಮರುದಿನದ ಉರಿಗೆ ಸಾಕು, ವಾರಕ್ಕೆ ಮೂರು ರಾತ್ರಿ ನಿದ್ದೆ ಕೆಡಿಸುವ ಉರಿಗೆ ಸಾಲದು. ರಕ್ತದೊತ್ತಡ ಇರುವವರು ಸೋಡಿಯಂ ತುಂಬಿದ ನೊರೆಪುಡಿಗಳನ್ನು ದಿನವೂ ಕುಡಿಯಬಾರದು. ಮೂತ್ರಪಿಂಡ ಸೋತವರು ಮೆಗ್ನೀಸಿಯಂ, ಅಲ್ಯುಮಿನಿಯಂ ಇರುವವನ್ನು ವೈದ್ಯರ ಮಾತಿಲ್ಲದೆ ಮುಟ್ಟಬಾರದು.

ಇವುಗಳ ಪಕ್ಕದಲ್ಲೇ ಇಡಬಹುದಾದ, ನಮ್ಮಲ್ಲಿ ಸಿಗಬೇಕಾದಷ್ಟು ಗೌರವ ಸಿಗದ ಇನ್ನೊಂದು ಔಷಧವಿದೆ. ಅದು ಕಂದು ಬಣ್ಣದ ಕಡಲಪಾಚಿಯಿಂದ ತೆಗೆದ ಆಲ್ಜಿನೇಟು. ಆಮ್ಲ ತಗುಲಿದೊಡನೆ ಅದು ಲೋಳೆಯಾಗಿ, ಜೊತೆಗಿರುವ ಬೈಕಾರ್ಬೊನೇಟಿನ ಗಾಳಿಗುಳ್ಳೆಗಳ ಬಲದಿಂದ ಅನ್ನದ ಮೇಲೆ ತೇಲಿ ನಿಲ್ಲುತ್ತದೆ. ಗ್ಲಾಸ್ಗೋದವರು ಕಂಡ ಆಮ್ಲದ ಪದರ ಇರುವ ಜಾಗವೂ ಅದೇ. ಊಟದ ನಂತರದ ಉರಿಗೆ, ಗರ್ಭಿಣಿಯರ ಎದೆಯುರಿಗೆ ಇದು ಒಳ್ಳೆಯ ಮೊದಲ ಆಯ್ಕೆ.

ಆಮ್ಲವನ್ನು ಸುರಿದ ಮೇಲೆ ತಣಿಸುವ ಬದಲು ಸುರಿಯದಂತೆಯೇ ಮಾಡಲು ಆಗದೇ? ಈ ಪ್ರಶ್ನೆಗೆ ಉತ್ತರ ಸಿಗಲು ಇಪ್ಪತ್ತನೆಯ ಶತಮಾನದ ಬಹುಭಾಗ ಕಳೆಯಬೇಕಾಯಿತು. ಹಿಸ್ಟಮಿನ್ ಎಂಬ ರಾಸಾಯನಿಕವನ್ನು ನಾಯಿಗೆ ಚುಚ್ಚಿದರೆ ಜಠರ ಧಾರಾಳವಾಗಿ ಆಮ್ಲ ಸುರಿಸುತ್ತದೆಂದು ಪೋಲೆಂಡಿನ ಶರೀರವಿಜ್ಞಾನಿ ಲಿಯಾನ್ ಪೊಪಿಯೆಲ್ಸ್ಕಿ 1920ರಲ್ಲಿ ಪ್ರಕಟಿಸಿದ್ದರು. ಮುಂದೆ ಶೀತ, ಅಲರ್ಜಿಗಳಿಗೆ ಹಿಸ್ಟಮಿನ್ ವಿರೋಧಿ ಮಾತ್ರೆಗಳು ಬಂದವು. ಅವು ಮೂಗು ಸೋರುವುದನ್ನು ನಿಲ್ಲಿಸಿದವು, ಜಠರದ ಮೇಲೆ ಮಾತ್ರ ಅವುಗಳ ಆಟ ನಡೆಯಲಿಲ್ಲ. ಸ್ಕಾಟ್ಲೆಂಡಿನ ಔಷಧ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಇದರಿಂದ ಒಂದು ತೀರ್ಮಾನಕ್ಕೆ ಬಂದರು: ಹಿಸ್ಟಮಿನ್ನನ್ನು ಗುರುತಿಸುವ ಗ್ರಾಹಕಗಳು ದೇಹದಲ್ಲಿ ಎರಡು ಬಗೆ ಇರಬೇಕು. ಜಠರದಲ್ಲಿರುವ ಎರಡನೆಯ ಬಗೆಗೆ ಹೊಂದುವ ತಡೆ ಇನ್ನೂ ಸಿಕ್ಕಿಲ್ಲ, ಅಷ್ಟೆ. ಹೃದಯರೋಗಕ್ಕೆ ಪ್ರೊಪ್ರನೊಲಾಲ್ ಎಂಬ ಔಷಧ ಕೊಟ್ಟ ಬ್ಲ್ಯಾಕ್, 1964ರಲ್ಲಿ ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿದ್ದ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿಯ ಪ್ರಯೋಗಾಲಯ ಸೇರಿ ಹುಡುಕತೊಡಗಿದರು.

ಮೊದಲ ನಾಲ್ಕು ವರ್ಷಗಳಲ್ಲಿ ರಸಾಯನ ವಿಜ್ಞಾನಿ ರಾಬಿನ್ ಗ್ಯಾನೆಲಿನ್ ಮತ್ತು ಸಂಗಡಿಗರು ಸುಮಾರು 200 ಸಂಯುಕ್ತಗಳನ್ನು ಮಾಡಿ ನೋಡಿದರು, ಒಂದೂ ಫಲಿಸಲಿಲ್ಲ. ಆಮೇಲೆ ಬುರಿಮಾಮೈಡ್ ಸಿಕ್ಕಿತು. ಎರಡನೆಯ ಗ್ರಾಹಕ ನಿಜಕ್ಕೂ ಇದೆ ಎಂದು 1972ರಲ್ಲಿ ಸಾಬೀತಾಯಿತು. ಆದರೆ ಬುರಿಮಾಮೈಡ್ ಬಾಯಿಯ ಮೂಲಕ ಕೊಟ್ಟರೆ ಸಾಕಷ್ಟು ಕೆಲಸ ಮಾಡುತ್ತಿರಲಿಲ್ಲ. ಮುಂದಿನದು ಮೆಟಿಯಾಮೈಡ್. ಹುಣ್ಣುಗಳನ್ನು ಅದು ಮಾಯಿಸಿತು, ಆದರೆ ಕೆಲವು ರೋಗಿಗಳಲ್ಲಿ ಬಿಳಿ ರಕ್ತಕಣಗಳನ್ನು ಅಪಾಯಕಾರಿಯಾಗಿ ಇಳಿಸಿತು. ದೋಷ ಅಣುವಿನಲ್ಲಿದ್ದ ಗಂಧಕದ ಭಾಗದ್ದೆಂದು ಊಹಿಸಿ ಅದನ್ನು ಬದಲಿಸಿದಾಗ ಹುಟ್ಟಿದ್ದು ಸಿಮೆಟಿಡೀನ್. 1976ರಲ್ಲಿ ಅದು ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಹೊಟ್ಟೆಹುಣ್ಣಿಗೆ ಶಸ್ತ್ರಚಿಕಿತ್ಸೆಯೇ ಗತಿ ಎಂದಿದ್ದ ಅಸಂಖ್ಯ ಜನ ಮಾತ್ರೆಯಿಂದ ಗುಣವಾದರು. 1988ರ ನೊಬೆಲ್ ಪುರಸ್ಕಾರವನ್ನು ಬ್ಲ್ಯಾಕ್, ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಜೊತೆ ಹಂಚಿಕೊಂಡರು. ಒಂದು ಕಾಯಿಲೆಯ ಒಳಗಿನ ನಡೆಯನ್ನು ತರ್ಕಿಸಿ, ಇರಲೇಬೇಕೆಂದು ಕಂಡ ಗ್ರಾಹಕಕ್ಕೆ ತಕ್ಕ ಅಣುವನ್ನು ಕಟ್ಟಿದ ಈ ಹನ್ನೆರಡು ವರ್ಷಗಳ ಕೆಲಸ ನನಗೆ ಇಡೀ ಔಷಧ ವಿಜ್ಞಾನದಲ್ಲೇ ಅತಿ ಸುಂದರವಾದ ಅಧ್ಯಾಯಗಳಲ್ಲೊಂದಾಗಿ ಕಾಣುತ್ತದೆ.

ಸಿಮೆಟಿಡೀನ್ ಬೇರೆ ಔಷಧಗಳ ವಿಲೇವಾರಿಗೆ ಯಕೃತ್ತಿನಲ್ಲಿ ಅಡ್ಡಿ ಮಾಡುತ್ತಿತ್ತು. 1981ರಲ್ಲಿ ಗ್ಲಾಕ್ಸೊ ಕಂಪನಿ ತಂದ ರ್‍ಯಾನಿಟಿಡೀನ್‌ಗೆ ಆ ತೊಂದರೆ ಕಡಿಮೆಯಿದ್ದುದರಿಂದ ಅದು ಲೋಕವನ್ನೇ ಆಳಿತು. ರ್‍ಯಾಂಟಾಕ್, ಜಿನೆಟಾಕ್, ಅಸಿಲಾಕ್ ಎಂದು ಭಾರತದಲ್ಲೂ ಮನೆಮಾತಾಯಿತು. 2019ರಲ್ಲಿ ಅದರೊಳಗೆ ಎನ್.ಡಿ.ಎಂ.ಎ. ಎಂಬ, ಕ್ಯಾನ್ಸರ್ ತರಬಹುದಾದ ಕಲ್ಮಶ ಪತ್ತೆಯಾಯಿತು. ರ್‍ಯಾನಿಟಿಡೀನ್ ಅಣುವೇ ಹೊತ್ತು ಕಳೆದಂತೆ, ಬಿಸಿ ತಾಗಿದಂತೆ ಒಡೆದು ಈ ಕಲ್ಮಶವನ್ನು ಹುಟ್ಟಿಸುತ್ತದೆಂದು ತಿಳಿದ ಮೇಲೆ ಅಮೆರಿಕದ ಔಷಧ ನಿಯಂತ್ರಕರು 2020ರ ಏಪ್ರಿಲ್‌ನಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆಸಿದರು. ಭಾರತ 2022ರಲ್ಲಿ ಅದನ್ನು ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ಕೈಬಿಟ್ಟಿತು. ಇದೇ ಗುಂಪಿನ ಫ್ಯಾಮೋಟಿಡೀನ್‌ಗೆ ಈ ದೋಷವಿಲ್ಲ. ಇಂದು ಈ ಬಗೆಯ ಮಾತ್ರೆ ಬೇಕಾದವರಿಗೆ ಅದೇ ಸೂಕ್ತ.

ಈ ಗುಂಪಿನ ಮಿತಿ ಎಲ್ಲಿದೆ? ಜಠರದ ಕೋಶಕ್ಕೆ ಆಮ್ಲ ಸುರಿಸಲು ಹೇಳುವುದು ಹಿಸ್ಟಮಿನ್ ಒಂದೇ ಅಲ್ಲ. ನರತುದಿಯ ಅಸಿಟೈಲ್‌ಕೋಲಿನ್, ರಕ್ತದಲ್ಲಿ ಬರುವ ಗ್ಯಾಸ್ಟ್ರಿನ್ ಹಾರ್ಮೋನು ಕೂಡ ಅದೇ ಆಜ್ಞೆ ತರುತ್ತವೆ. ರಾತ್ರಿ ಮಲಗಿದಾಗ ಹಿಸ್ಟಮಿನ್ನಿನ ಪಾತ್ರ ದೊಡ್ಡದು, ಆದ್ದರಿಂದ ಮಲಗುವ ಮುಂಚೆ ನುಂಗಿದ ಫ್ಯಾಮೋಟಿಡೀನ್ ರಾತ್ರಿಯ ಆಮ್ಲವನ್ನು ಚೆನ್ನಾಗಿ ತಗ್ಗಿಸುತ್ತದೆ. ಊಟದ ಹೊತ್ತಿಗೆ ಉಳಿದ ಎರಡೂ ಜೋರು ಮಾಡುವುದರಿಂದ ಹಗಲಿನಲ್ಲಿ ಅದರ ಕೈ ಸೋಲುತ್ತದೆ. ಇನ್ನೊಂದು ತೊಡಕೆಂದರೆ ಒಗ್ಗಿಹೋಗುವಿಕೆ. ಸತತವಾಗಿ ಒಂದೆರಡು ವಾರ ನುಂಗುವಷ್ಟರಲ್ಲಿ ಗುಣ ಕುಗ್ಗುತ್ತದೆ. ಬೇಕಾದ ದಿನ ಮಾತ್ರ ತೆಗೆದುಕೊಂಡರೆ ಗುಣ ಉಳಿಯುತ್ತದೆ.

ಮೂರೂ ಆಜ್ಞೆಗಳು ಕೊನೆಗೆ ಒಂದೇ ಯಂತ್ರವನ್ನು ಚಾಲೂ ಮಾಡುತ್ತವೆ. ಕೋಶದಿಂದ ಒಂದು ಹೈಡ್ರೊಜನ್ ಅಯಾನನ್ನು ಹೊರದಬ್ಬಿ ಪ್ರತಿಯಾಗಿ ಒಂದು ಪೊಟ್ಯಾಸಿಯಂ ಅಯಾನನ್ನು ಒಳಗೆ ಎಳೆದುಕೊಳ್ಳುವ ಪ್ರೋಟೀನು ಅದು. ಹೈಡ್ರೊಜನ್ ಅಯಾನೆಂದರೆ ಪ್ರೋಟಾನು, ಆದ್ದರಿಂದ ಅದು ಪ್ರೋಟಾನ್ ಪಂಪು. 1970ರ ದಶಕದಲ್ಲಿ ಅಮೆರಿಕದ ಜಾನ್ ಫೋರ್ಟ್, ಜಾರ್ಜ್ ಸ್ಯಾಕ್ಸ್ ಮೊದಲಾದವರು ಅದನ್ನು ಗುರುತಿಸಿ ಬಿಡಿಸಿ ನೋಡಿದರು. ಅದೇ ಹೊತ್ತಿಗೆ ಸ್ವೀಡನ್ನಿನ ಗೋಥೆನ್‌ಬರ್ಗ್ ಬಳಿ ಅಸ್ಟ್ರಾ ಕಂಪನಿಯ ಹೆಸ್ಲೆ ಪ್ರಯೋಗಾಲಯದವರ ಕೈಯಲ್ಲಿ ಆಮ್ಲ ತಡೆಯುವ ಅಣುಗಳಿದ್ದವು. ಅವು ಎಲ್ಲಿ ಕೆಲಸ ಮಾಡುತ್ತವೆಂಬುದು ಮಾತ್ರ ತಿಳಿದಿರಲಿಲ್ಲ. ಟೈಮೊಪ್ರಜೋಲ್ ಎಂಬುದು ಆಮ್ಲವನ್ನು ನಿಲ್ಲಿಸಿದರೂ ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರುವುದನ್ನೂ ನಿಲ್ಲಿಸಿತು. ಅಣುವನ್ನು ತಿದ್ದುತ್ತಾ ಹೋಗಿ 1979ರಲ್ಲಿ ಒಮೆಪ್ರಜೋಲ್ ಮುಟ್ಟಿದರು.

1984ರಲ್ಲಿ ಎಲ್ಲವೂ ನಿಂತುಹೋಗುವ ಸ್ಥಿತಿ ಬಂತು. ಬದುಕಿನುದ್ದಕ್ಕೂ ಭಾರಿ ಪ್ರಮಾಣದಲ್ಲಿ ಔಷಧ ತಿಂದ ಇಲಿಗಳ ಜಠರದಲ್ಲಿ ಗಂತಿಗಳು ಕಂಡವು. ಮನುಷ್ಯರ ಮೇಲಿನ ಪ್ರಯೋಗಗಳನ್ನು ನಿಲ್ಲಿಸಿದರು. ಗಂತಿಗೆ ಕಾರಣ ಒಮೆಪ್ರಜೋಲ್ ಅಣುವಲ್ಲ, ಆಮ್ಲ ಇಲ್ಲದಾದಾಗ ದೇಹ ಏರಿಸುವ ಗ್ಯಾಸ್ಟ್ರಿನ್ ಎಂದು ಮುಂದೆ ಗೊತ್ತಾಯಿತು. ಆಮ್ಲವನ್ನು ಬೇರೆ ರೀತಿಯಲ್ಲಿ ದೀರ್ಘಕಾಲ ತಗ್ಗಿಸಿದ ಇಲಿಗಳಲ್ಲೂ ಹಾಗೇ ಆಗುತ್ತಿತ್ತು. ಮನುಷ್ಯರಲ್ಲಿ ಗ್ಯಾಸ್ಟ್ರಿನ್ ಇಲಿಗಳಲ್ಲಿ ಏರಿದಷ್ಟು ಏರುವುದಿಲ್ಲ. ಪ್ರಯೋಗ ಮತ್ತೆ ಶುರುವಾಗಿ 1988ರಲ್ಲಿ ಒಮೆಪ್ರಜೋಲ್ ಸ್ವೀಡನ್ನಿನಲ್ಲಿ ಮಾರಾಟಕ್ಕೆ ಬಂತು. ಲ್ಯಾನ್ಸೊಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್ ಒಂದರ ಹಿಂದೊಂದು ಬಂದವು. ಇವೆಲ್ಲ ತಡೆಯುವುದು ಆ ಪ್ರೋಟಾನ್ ಪಂಪನ್ನೇ, ಆದ್ದರಿಂದ ಒಟ್ಟಾಗಿ ಇವನ್ನು ಪಿ.ಪಿ.ಐ. ಎನ್ನುತ್ತಾರೆ.

ಈ ಮಾತ್ರೆಗಳು ಕೆಲಸ ಮಾಡುವ ಬಗೆಯನ್ನು ಬಲ್ಲವರು ಅವನ್ನು ತಪ್ಪು ಹೊತ್ತಿಗೆ ನುಂಗಲಾರರು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. ನುಂಗಿದ ಪಿ.ಪಿ.ಐ. ಜಠರದಲ್ಲಿ ಕರಗುವುದಿಲ್ಲ, ಕರಗಿದರೆ ಆಮ್ಲದಲ್ಲಿ ಹಾಳಾಗುತ್ತದೆ. ಅದಕ್ಕೇ ಮೇಲೊಂದು ಕವಚ. ಮಾತ್ರೆಯನ್ನು ಪುಡಿ ಮಾಡಿ ಕೊಡಬಾರದು ಎನ್ನುವುದೂ ಅದಕ್ಕೇ. ಕರುಳಿನಲ್ಲಿ ಕರಗಿ, ರಕ್ತದಲ್ಲಿ ಸುತ್ತಿ, ಜಠರದ ಕೋಶವನ್ನು ಹಿಂಬಾಗಿಲಿನಿಂದ ಮುಟ್ಟುತ್ತದೆ. ಆಗ ಕೋಶ ಆಮ್ಲ ಸುರಿಸುತ್ತಿದ್ದರೆ ಮಾತ್ರ, ಆ ಆಮ್ಲೀಯ ಸೂಕ್ಷ್ಮ ಕಾಲುವೆಗಳಲ್ಲಿ ಔಷಧ ಸಂಗ್ರಹವಾಗಿ ರೂಪ ಬದಲಿಸಿ ಪಂಪಿಗೆ ಕಚ್ಚಿಕೊಳ್ಳುತ್ತದೆ. ಬೀಗ ಹಾಕಿ ಕೀಲಿಯನ್ನು ಅದರೊಳಗೇ ಮುರಿದ ಹಾಗೆ. ಆ ಪಂಪು ಬಹುಮಟ್ಟಿಗೆ ಮುಗಿಯಿತು, ಕೋಶ ಹೊಸದನ್ನು ಕಟ್ಟಿಕೊಳ್ಳಬೇಕು. ಅದಕ್ಕೆ ಎರಡು-ಮೂರು ದಿನ ಬೇಕು. ರಕ್ತದಲ್ಲಿ ಔಷಧ ಒಂದೆರಡು ಗಂಟೆಗಳಲ್ಲೇ ಅರ್ಧಕ್ಕಿಳಿಯುತ್ತದೆ, ಅದರ ಪರಿಣಾಮ ಮಾತ್ರ ಒಂದು ದಿನವನ್ನೂ ದಾಟಿ ಉಳಿಯುತ್ತದೆ.

ಪಂಪುಗಳು ಒಟ್ಟಾಗಿ ಎಚ್ಚರಗೊಳ್ಳುವುದು ಊಟ ಮಾಡಿದಾಗ, ಅದರಲ್ಲೂ ರಾತ್ರಿಯ ಉಪವಾಸದ ನಂತರದ ಬೆಳಗಿನ ತಿಂಡಿಗೆ. ಆ ಹೊತ್ತಿಗೆ ಔಷಧ ರಕ್ತದಲ್ಲಿರಬೇಕು. ಆದ್ದರಿಂದ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ ನುಂಗಬೇಕು. ಮಾತ್ರೆ ನುಂಗಿ ತಿಂಡಿ ತಿನ್ನದೆ ಮಧ್ಯಾಹ್ನದವರೆಗೆ ಉಪವಾಸ ಇದ್ದರೂ, ಉಂಡು ಕೈತೊಳೆದ ಮೇಲೆ ನುಂಗಿದರೂ ಅದರ ಬಹುಪಾಲು ಪೋಲಾಗುತ್ತದೆ. ಮೊದಲ ದಿನ ಎಚ್ಚರವಿಲ್ಲದ ಪಂಪುಗಳು ತಪ್ಪಿಸಿಕೊಳ್ಳುತ್ತವೆ. ದಿನದಿನವೂ ಒಂದಷ್ಟು ಸಿಕ್ಕಿಬೀಳುತ್ತಾ ಮೂರರಿಂದ ಐದು ದಿನಗಳಲ್ಲಿ ಪೂರ್ಣ ಗುಣ ಕಾಣುತ್ತದೆ. ಉರಿ ಬಂದಾಗಲಷ್ಟೇ ಒಂದು ಪ್ಯಾನ್-40 ನುಂಗಿ, ಗುಣವಾಗಲಿಲ್ಲವೆಂದು ಬೇಸರಿಸುವವರು ಡೈಜಿನ್ ಮಾಡಬೇಕಾದ ಕೆಲಸವನ್ನು ಪ್ಯಾಂಟೊಪ್ರಜೋಲ್‌ನಿಂದ ನಿರೀಕ್ಷಿಸುತ್ತಿದ್ದಾರೆ.

ಸರಿಯಾಗಿ ನುಂಗಿದಾಗ ಇವುಗಳ ಮೇಲುಗೈ ನಿಸ್ಸಂದೇಹ. 7,635 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 1997ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರಲ್ಲಿ ಅನ್ನನಾಳದ ಗಾಯ ಮಾಯ್ದವರು ಪಿ.ಪಿ.ಐ. ಪಡೆದವರಲ್ಲಿ ಸುಮಾರು 84%, ಹಿಸ್ಟಮಿನ್ ತಡೆಯುವ ಮಾತ್ರೆಯವರಲ್ಲಿ 52%, ಹುಸಿಮಾತ್ರೆಯವರಲ್ಲಿ 28%.

ಆದರೆ ಪಿ.ಪಿ.ಐ.ಗಳಲ್ಲೇ ಯಾವುದು ಮೇಲು? ಕಂಪನಿಗಳು ಜಾಹೀರಾತಿಗೆ ಹೆಚ್ಚು ಖರ್ಚು ಮಾಡಿದ್ದು ಈ ಪ್ರಶ್ನೆಯ ಮೇಲೆ. ಆಮ್ಲ ತಗ್ಗಿಸುವ ಶಕ್ತಿಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ನೋಡಿದರೆ ವ್ಯತ್ಯಾಸ ದೊಡ್ಡದೇ. ಒಮೆಪ್ರಜೋಲ್‌ನ ಶಕ್ತಿಯನ್ನು ಒಂದು ಎಂದಿಟ್ಟರೆ ಲ್ಯಾನ್ಸೊಪ್ರಜೋಲ್ 0.90, ಎಸೊಮೆಪ್ರಜೋಲ್ 1.60, ರಾಬೆಪ್ರಜೋಲ್ 1.82, ನಮ್ಮಲ್ಲಿ ಎಲ್ಲೆಲ್ಲೂ ಬರೆಯುವ ಪ್ಯಾಂಟೊಪ್ರಜೋಲ್ ಬರೀ 0.23. ಎಂದರೆ 40 ಮಿಲಿಗ್ರಾಂ ಪ್ಯಾಂಟೊಪ್ರಜೋಲ್ ಸುಮಾರು 9 ಮಿಲಿಗ್ರಾಂ ಒಮೆಪ್ರಜೋಲ್‌ಗೆ ಸಮ. ಹಾಗಾದರೆ ಗಾಯ ಮಾಯುವುದರಲ್ಲೂ ಅಷ್ಟೇ ಅಂತರ ಇರಬೇಕಲ್ಲ? 3,000ಕ್ಕೂ ಹೆಚ್ಚು ರೋಗಿಗಳಿದ್ದ ಅಧ್ಯಯನವೊಂದರಲ್ಲಿ ಎಂಟು ವಾರಗಳ ನಂತರ ಎಸೊಮೆಪ್ರಜೋಲ್ 40 ಮಿಲಿಗ್ರಾಂನವರಲ್ಲಿ 95.5%, ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂನವರಲ್ಲಿ 92% ಮಂದಿಗೆ ಗಾಯ ಮಾಯ್ದಿತ್ತು. ಗೆಲುವು ಎಸೊಮೆಪ್ರಜೋಲ್‌ದೇ, ಅಂತರ ಮಾತ್ರ ನೂರಕ್ಕೆ ಮೂರು-ನಾಲ್ಕು ಜನ. ಸಣ್ಣ ಗಾಯಕ್ಕೆ ಎರಡರಲ್ಲಿ ಯಾವುದಾದರೂ ಸಾಕು, ಹೆಚ್ಚುವರಿ ಶಕ್ತಿಗೆ ಅಲ್ಲಿ ಕೆಲಸವೇ ಇಲ್ಲ. ಅನ್ನನಾಳದ ಸುತ್ತಳತೆಯ ಬಹುಭಾಗ ಹುಣ್ಣಾದವರಲ್ಲಿ ಮಾತ್ರ ಆ ಶಕ್ತಿ ಲೆಕ್ಕಕ್ಕೆ ಬರುತ್ತದೆ. 2001ರ ಇನ್ನೊಂದು ಪ್ರಸಿದ್ಧ ಹೋಲಿಕೆಯಲ್ಲಿ ಎಸೊಮೆಪ್ರಜೋಲ್ 93.7%, ಒಮೆಪ್ರಜೋಲ್ 84.2% ಎಂದು ಬಂತು. ಆದರೆ ಅಲ್ಲಿ 40 ಮಿಲಿಗ್ರಾಂನ ಎದುರು 20 ಮಿಲಿಗ್ರಾಂ ನಿಲ್ಲಿಸಿದ್ದರು. ಎಸೊಮೆಪ್ರಜೋಲ್ ಎಂಬುದು ಒಮೆಪ್ರಜೋಲ್‌ನ ಎರಡು ಕನ್ನಡಿ ರೂಪಗಳಲ್ಲಿ ಒಂದು. ಅಂಥ ಹೋಲಿಕೆಯಲ್ಲಿ ಪ್ರಮಾಣದ ಪಾಲೆಷ್ಟು, ಅಣುವಿನ ಪಾಲೆಷ್ಟು ಎಂದು ಓದುಗರು ಕೇಳಲೇಬೇಕು. ಸಾಮಾನ್ಯ ಎದೆಯುರಿಯವರು ಜನೌಷಧಿ ಅಂಗಡಿಯ ಅಗ್ಗದ ಮಾತ್ರೆಯನ್ನು ತಿಂಡಿಗೆ ಮುಂಚೆ ನುಂಗಿದರೆ, ದುಬಾರಿಯದನ್ನು ತಿಂಡಿಯ ನಂತರ ನುಂಗಿದವರಿಗಿಂತ ಹೆಚ್ಚು ಗುಣ ಪಡೆಯುತ್ತಾರೆ ಎಂದೇ ನಾನು ಹೇಳುತ್ತೇನೆ.

ಹೊಸಬರ ವಿಷಯಕ್ಕೆ ಬರೋಣ. ಪಂಪು ಒಳಗೆಳೆದುಕೊಳ್ಳಬೇಕಾದ ಪೊಟ್ಯಾಸಿಯಂ ಕೂರುವ ಜಾಗದಲ್ಲಿ ತಾನೇ ಹೋಗಿ ಕೂತು ಯಂತ್ರವನ್ನು ನಿಲ್ಲಿಸುವ ಔಷಧಗಳಿವು. ಜಪಾನಿನ ಟಕೇಡ ಕಂಪನಿಯ ವೊನೊಪ್ರಜಾನ್ 2014ರಲ್ಲಿ ಅಲ್ಲಿ ಒಪ್ಪಿಗೆ ಪಡೆಯಿತು. ಕೊರಿಯಾದಿಂದ ಟೆಗೊಪ್ರಜಾನ್ ಬಂತು. ಅಮೆರಿಕದಲ್ಲಿ ಅನ್ನನಾಳದ ಗಾಯಕ್ಕೆ ವೊನೊಪ್ರಜಾನ್‌ಗೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಈಗ ಭಾರತದಲ್ಲೂ ಸಿಗುತ್ತದೆ. ಇದಕ್ಕೆ ಆಮ್ಲದಿಂದ ರೂಪ ಬದಲಿಸಿಕೊಳ್ಳುವ ಅಗತ್ಯವಿಲ್ಲ, ಪಂಪು ಎಚ್ಚರಗೊಳ್ಳುವ ತನಕ ಕಾಯಬೇಕಿಲ್ಲ, ಊಟದ ಹಿಂದು-ಮುಂದಿನ ಹಂಗಿಲ್ಲ. ಮೊದಲ ದಿನವೇ ಪೂರ್ಣ ಗುಣದ ಹತ್ತಿರ ಹೋಗುತ್ತದೆ, ರಾತ್ರಿಯೂ ಕೈಬಿಡುವುದಿಲ್ಲ. ಪಿ.ಪಿ.ಐ.ಗಳನ್ನು ಕೆಲವರ ಯಕೃತ್ತು ವಂಶವಾಹಿಯ ಕಾರಣದಿಂದ ಬಹಳ ಬೇಗ ಮುಗಿಸಿಬಿಡುತ್ತದೆ. ಆ ಏರುಪೇರು ಇಲ್ಲಿ ಅಷ್ಟಾಗಿ ಇಲ್ಲ.

ಅಮೆರಿಕ ಮತ್ತು ಯುರೋಪಿನ 1,024 ರೋಗಿಗಳಲ್ಲಿ ವೊನೊಪ್ರಜಾನನ್ನು ಲ್ಯಾನ್ಸೊಪ್ರಜೋಲ್‌ನೊಂದಿಗೆ ಹೋಲಿಸಿ 2023ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಎಂಟು ವಾರಗಳೊಳಗೆ ಮಾಯ್ದವರು 92.9% ಮತ್ತು 84.6%. ದೊಡ್ಡ ಗಾಯದವರನ್ನಷ್ಟೇ ಎರಡು ವಾರಕ್ಕೇ ನೋಡಿದರೆ 70.2% ಮತ್ತು 52.6%. ನನಗೆ ಮುಖ್ಯವಾಗಿ ಕಂಡದ್ದು ಈ ಎರಡನೆಯ ಜೋಡಿ ಅಂಕಿ. ಗಾಯ ದೊಡ್ಡದಿದ್ದವರಿಗೆ, ಪಿ.ಪಿ.ಐ.ಯನ್ನು ಸರಿಯಾಗಿ ನುಂಗಿಯೂ ಮಾಯದವರಿಗೆ ಹೊಸ ಔಷಧ ನಿಜವಾದ ಲಾಭ ಕೊಡುತ್ತದೆ. ಗಾಯವೇ ಇಲ್ಲದ, ಆಗಾಗ ಉರಿ ಬರುವವರಿಗೆ ಇದನ್ನೇ ಮೊದಲ ಮಾತ್ರೆಯಾಗಿ ಕೊಡಲು ಸಕಾರಣ ಕಾಣುವುದಿಲ್ಲ. ಆಮ್ಲವನ್ನು ಹೆಚ್ಚು ತಗ್ಗಿಸುವುದರಿಂದ ಗ್ಯಾಸ್ಟ್ರಿನ್ ಪಿ.ಪಿ.ಐ.ಗಿಂತಲೂ ಹೆಚ್ಚು ಏರುತ್ತದೆ, ದಶಕಗಟ್ಟಲೆ ಬಳಸಿದ ಅನುಭವವೂ ಒಮೆಪ್ರಜೋಲ್‌ಗೆ ಇರುವಷ್ಟು ಇದಕ್ಕಿಲ್ಲ.

ದೀರ್ಘಕಾಲ ನುಂಗಿದರೆ ಮೂಳೆ ಮುರಿಯುತ್ತದೆ, ಮೂತ್ರಪಿಂಡ ಹಾಳಾಗುತ್ತದೆ, ಮರೆವು ಬರುತ್ತದೆ ಎಂಬ ಸುದ್ದಿಗಳನ್ನು ಓದಿ ಹೆದರಿದವರು ಅನೇಕರು. ಇವುಗಳ ಬಹುಭಾಗ, ಮಾತ್ರೆ ನುಂಗುವವರನ್ನು ನುಂಗದವರ ಜೊತೆ ಹೋಲಿಸಿ ನೋಡಿದ ಅಧ್ಯಯನಗಳಿಂದ ಬಂದದ್ದು. ಮಾತ್ರೆ ನುಂಗುವವರು ಮೊದಲೇ ಹೆಚ್ಚು ಕಾಯಿಲೆಯವರಾಗಿರುತ್ತಾರೆ ಎಂಬುದು ಅಲ್ಲಿನ ತೊಡಕು. 2019ರಲ್ಲಿ ಪ್ರಕಟವಾದ ಕಂಪಾಸ್ ಪ್ರಯೋಗದಲ್ಲಿ 17,598 ಜನರಿಗೆ ಚೀಟಿ ಎತ್ತಿದಂತೆ ಪ್ಯಾಂಟೊಪ್ರಜೋಲ್ ಅಥವಾ ಹುಸಿಮಾತ್ರೆಯನ್ನು ಸುಮಾರು ಮೂರು ವರ್ಷ ಕೊಟ್ಟು ನೋಡಿದರು. ಸ್ಪಷ್ಟವಾಗಿ ಹೆಚ್ಚಿದ್ದು ಕರುಳಿನ ಸೋಂಕು ಮಾತ್ರ, 1.0% ಇದ್ದದ್ದು 1.4% ಆಯಿತು. ನೀರು, ಆಹಾರದಲ್ಲಿ ಬರುವ ರೋಗಾಣುಗಳನ್ನು ಕೊಲ್ಲುವುದು ಜಠರದ ಆಮ್ಲದ ಕೆಲಸವಲ್ಲವೇ? ಆದ್ದರಿಂದ ಇದು ನಿರೀಕ್ಷಿತವೇ. ವರ್ಷಗಟ್ಟಲೆ ನುಂಗುವವರಲ್ಲಿ ಬಿ-12 ಮತ್ತು ಮೆಗ್ನೀಸಿಯಂ ಇಳಿಯಬಹುದು, ಅಪರೂಪಕ್ಕೆ ಮೂತ್ರಪಿಂಡದಲ್ಲಿ ಉರಿಯೂತ ಬರಬಹುದು. ಈ ಎಚ್ಚರ ಬೇಕು. ಆದರೆ ದೊಡ್ಡ ಗಾಯ ಇದ್ದವರು, ಅನ್ನನಾಳದ ಒಳಪದರವೇ ಬದಲಾದ ಬ್ಯಾರೆಟ್ ಸ್ಥಿತಿಯವರು, ಹುಣ್ಣಿನ ಅಪಾಯವಿದ್ದೂ ಆಸ್ಪಿರಿನ್ ನುಂಗಲೇಬೇಕಾದ ವಯಸ್ಸಾದವರು ಸುದ್ದಿ ಓದಿ ಮಾತ್ರೆ ಬಿಡುವುದು ದೊಡ್ಡ ಅಪಾಯ.

ಉಳಿದವರು ಬಿಡಬೇಕು, ಅಥವಾ ಬಿಡಲು ಯತ್ನಿಸಬೇಕು. ಎಂಟು ವಾರ ದಿನಕ್ಕೊಂದು, ಆಮೇಲೆ ನಿಲ್ಲಿಸಿ ನೋಡುವುದು ಇಂದಿನ ಒಪ್ಪಿತ ಕ್ರಮ. ನಮ್ಮಲ್ಲಿ ಜ್ವರಕ್ಕೆ, ಬೆನ್ನುನೋವಿಗೆ ಬರೆದ ಚೀಟಿಯಲ್ಲೂ ಇದೊಂದು ಮಾತ್ರೆ ಸೇರಿ, ಆ ಕಾಯಿಲೆ ಹೋದ ಮೇಲೂ ಇದು ಮನೆಯಲ್ಲಿ ಉಳಿದುಬಿಡುತ್ತದೆ. ನಿಲ್ಲಿಸಿದ ವಾರವೇ ಉರಿ ಮರಳಿದಾಗ, ಮಾತ್ರೆಯಿಲ್ಲದೆ ಬದುಕಲಾಗದು ಎಂದು ಜನ ತೀರ್ಮಾನಿಸುತ್ತಾರೆ. ಡೆನ್ಮಾರ್ಕಿನಲ್ಲಿ 2009ರಲ್ಲಿ ಪ್ರಕಟವಾದ ಪ್ರಯೋಗ ಇವರೆಲ್ಲರೂ ತಿಳಿಯಬೇಕಾದದ್ದು. ಎದೆಯುರಿಯೇ ಇಲ್ಲದ 120 ಆರೋಗ್ಯವಂತರಲ್ಲಿ ಅರ್ಧ ಜನಕ್ಕೆ ಎಂಟು ವಾರ ಎಸೊಮೆಪ್ರಜೋಲ್ ಕೊಟ್ಟು, ಅವರಿಗೆ ತಿಳಿಸದೆ ಹುಸಿಮಾತ್ರೆಗೆ ಬದಲಿಸಿದರು. ನಂತರದ ನಾಲ್ಕು ವಾರಗಳಲ್ಲಿ ಅವರಲ್ಲಿ 44% ಮಂದಿಗೆ ಆಮ್ಲದ ತೊಂದರೆ ಕಂಡಿತು. ಮೊದಲಿಂದ ಹುಸಿಮಾತ್ರೆಯನ್ನೇ ತಿಂದವರಲ್ಲಿ ಹಾಗಾದದ್ದು 15%. ಔಷಧವಿದ್ದಾಗ ಏರಿದ್ದ ಗ್ಯಾಸ್ಟ್ರಿನ್ ಜಠರವನ್ನು ಹುರಿದುಂಬಿಸಿಟ್ಟಿರುತ್ತದೆ, ತಡೆ ತೆಗೆದೊಡನೆ ಆಮ್ಲ ಮೊದಲಿಗಿಂತ ಹೆಚ್ಚು ಸುರಿಯುತ್ತದೆ. ಕೆಲವು ವಾರಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಆ ವಾರಗಳನ್ನು ದಾಟಲು ಆಲ್ಜಿನೇಟು, ಆಗೀಗ ಫ್ಯಾಮೋಟಿಡೀನ್ ನೆರವಾಗುತ್ತವೆ. ರಾತ್ರಿ ಊಟವನ್ನು ಮಲಗುವುದಕ್ಕೆ ಮೂರು ಗಂಟೆ ಮುಂಚೆ ಮುಗಿಸುವುದು, ಮಂಚದ ತಲೆಯ ಕಡೆ ಎತ್ತರಿಸುವುದು, ಎಡಮಗ್ಗುಲಲ್ಲಿ ಮಲಗುವುದು, ಹೊಟ್ಟೆಯ ತೂಕ ಇಳಿಸುವುದು ಕೂಡ ನೆರವಾಗುತ್ತವೆ. ಇವು ಮಾತ್ರೆಗಳ ಕೈಗೆಟುಕದ ಮೂಲ ದೋಷವನ್ನೇ ಮುಟ್ಟುತ್ತವೆ ಎಂಬುದನ್ನು ಗಮನಿಸಬೇಕು.

ಆಮ್ಲದ ಮಾತ್ರೆ ನುಂಗಿದ ಮೇಲೆ ಅನ್ನನಾಳಕ್ಕೆ ಏರುವ ರಸ ಕಡಿಮೆಯಾಗುತ್ತದೆಯೇ? ಆಮ್ಲವಲ್ಲದ ರಸವನ್ನೂ ಗುರುತಿಸುವ ಉಪಕರಣವನ್ನು ಅನ್ನನಾಳದಲ್ಲಿಟ್ಟು 2001ರಲ್ಲಿ ನೋಡಿದಾಗ, ಒಮೆಪ್ರಜೋಲ್ ನುಂಗಿದ ಮೇಲೂ ರಸ ಅಷ್ಟೇ ಸಲ ಏರುತ್ತಿತ್ತು. ಅದರ ಹುಳಿ ಮಾತ್ರ ಹೋಗಿತ್ತು. ಮಾತ್ರೆಯಿಂದ ಉರಿ ನಿಂತರೂ ಬಾಗಿದಾಗ ಗಂಟಲಿಗೆ ನೀರು ಬರುವುದು ನಿಲ್ಲಲಿಲ್ಲ ಎನ್ನುವ ರೋಗಿಗಳ ದೂರು ಅಕ್ಷರಶಃ ಸತ್ಯ. ಪಿ.ಪಿ.ಐ. ಜೊತೆ ಡೊಂಪೆರಿಡೋನ್ ಸೇರಿಸಿದ, ಹೆಸರಿನ ಕೊನೆಗೆ ಡಿ ಇರುವ ಕ್ಯಾಪ್ಸೂಲುಗಳು ಇದನ್ನು ತಡೆಯುತ್ತವೆಂದು ನಂಬಿ ತಿಂಗಳುಗಟ್ಟಲೆ ನುಂಗುವವರಿದ್ದಾರೆ. ವಾಕರಿಕೆಗೆ ಕೆಲವು ದಿನ ಕೊಡಬಹುದಾದ ಡೊಂಪೆರಿಡೋನ್ ಹೃದಯದ ಬಡಿತದ ಲಯ ಕೆಡಿಸಬಲ್ಲದೆಂದು ಯುರೋಪು 2014ರಲ್ಲೇ ಅದರ ಬಳಕೆಗೆ ಮಿತಿ ಹೇರಿದೆ. ದಿನವೂ, ಗೊತ್ತುಗುರಿಯಿಲ್ಲದೆ ನುಂಗುವ ಔಷಧ ಅದಲ್ಲ.

ಎದೆಯ ಮಧ್ಯದ ಉರಿ ಹೃದಯಾಘಾತದ್ದೂ ಆಗಿರಬಹುದು. ಮಧ್ಯವಯಸ್ಸು ದಾಟಿದವರು, ಸಕ್ಕರೆ ಕಾಯಿಲೆಯವರು, ಬೀಡಿ-ಸಿಗರೇಟು ಸೇದುವವರಿಗೆ ಬೆವರು, ಉಬ್ಬಸ, ತೋಳಿಗೋ ದವಡೆಗೋ ಹರಿಯುವ ನೋವು, ನಡೆದಾಗ ಹೆಚ್ಚಾಗುವ ಹಿಡಿತ ಕಂಡರೆ ಅದನ್ನು ಗ್ಯಾಸ್ ಎಂದುಕೊಂಡು ಮಾತ್ರೆ ನುಂಗಿ ಮಲಗಬಾರದು. ಮೊದಲು ಇ.ಸಿ.ಜಿ. ಆಗಬೇಕು. ನುಂಗುವಾಗ ತುತ್ತು ಸಿಕ್ಕಿಕೊಳ್ಳುವುದು, ತೂಕ ಇಳಿಯುವುದು, ರಕ್ತ ವಾಂತಿ, ಕಪ್ಪು ಮಲ, ರಕ್ತಹೀನತೆ ಇದ್ದವರಿಗೆ ಮಾತ್ರೆಗಿಂತ ಮುಂಚೆ ಎಂಡೋಸ್ಕೋಪಿ ಬೇಕು.

ಇಷ್ಟೆಲ್ಲ ಹೋಲಿಸಿದ ಮೇಲೂ ಯಾವ ಮಾತ್ರೆಗೂ ಬಗ್ಗದ ಉರಿ ಉಳಿಯುತ್ತದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಪಿ.ಪಿ.ಐ. ಕೆಲಸ ಮಾಡುತ್ತಿಲ್ಲ ಎಂದು ಬಂದ 366 ಮಂದಿಯನ್ನು ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೊದಲು ಅವರಿಗೆ ಎರಡು ವಾರ ಒಮೆಪ್ರಜೋಲನ್ನು ದಿನಕ್ಕೆರಡು ಸಲ, ಊಟಕ್ಕೆ ಮುಂಚೆ, ಹೇಳಿದಂತೆಯೇ ನುಂಗಲು ಹೇಳಿದರು. 42 ಮಂದಿಗೆ ಅಷ್ಟರಿಂದಲೇ ಉರಿ ತಗ್ಗಿತು. ಉಳಿದವರಿಗೆ ಎಂಡೋಸ್ಕೋಪಿ, ಅನ್ನನಾಳದ ಒತ್ತಡದ ಅಳತೆ, ಮೇಲೇರುವ ರಸದ ಅಳತೆ ಎಲ್ಲ ಮಾಡಿದಾಗ 99 ಮಂದಿಯ ಉರಿಗೂ ಮೇಲೇರುವ ರಸಕ್ಕೂ ಸಂಬಂಧವೇ ಕಾಣಲಿಲ್ಲ. ಇದು ಅನ್ನನಾಳದ ನರಗಳು ಅತಿಸೂಕ್ಷ್ಮವಾಗಿ ಉರಿಯನ್ನು ಅನುಭವಿಸುವ ಸ್ಥಿತಿ. ನೋವು ನಿಜವಾದದ್ದು, ಆಮ್ಲದ ಪಾತ್ರ ಅಲ್ಲಿಲ್ಲ. ನಿಜವಾಗಿಯೂ ರಸವೇರಿ ಉರಿಯುತ್ತಿದ್ದ, ಔಷಧಕ್ಕೆ ಬಗ್ಗದ 78 ಮಂದಿಯನ್ನು ಮೂರು ಗುಂಪು ಮಾಡಿದರು. ಜಠರದ ಮೇಲ್ಭಾಗವನ್ನು ಅನ್ನನಾಳದ ಬುಡಕ್ಕೆ ಸುತ್ತಿ ಹೊಲಿಯುವ ಶಸ್ತ್ರಚಿಕಿತ್ಸೆ ಪಡೆದವರಲ್ಲಿ 67% ಮಂದಿಗೆ ಗುಣ ಕಂಡಿತು. ಒಮೆಪ್ರಜೋಲ್ ಜೊತೆ, ಉಂಗುರ ಸಡಿಲವಾಗುವುದನ್ನು ತಗ್ಗಿಸುವ ಬ್ಯಾಕ್ಲೊಫೆನ್ ಮತ್ತು ಬೇಕಾದರೆ ನರಗಳ ಸಂವೇದನೆ ಇಳಿಸುವ ಔಷಧ ಪಡೆದವರಲ್ಲಿ 28%, ಒಮೆಪ್ರಜೋಲ್ ಜೊತೆ ಹುಸಿಮಾತ್ರೆಯವರಲ್ಲಿ 12%. ಒಂದೇ ದೂರು ಹೇಳಿಕೊಂಡು ಬಂದವರಲ್ಲಿ ಕೆಲವರಿಗೆ ಬೇಕಿದ್ದದ್ದು ಮಾತ್ರೆಯ ಹೊತ್ತು ಬದಲಿಸುವುದು, ಕೆಲವರಿಗೆ ಶಸ್ತ್ರಚಿಕಿತ್ಸೆ, ಇನ್ನು ಕೆಲವರಿಗೆ ಆಮ್ಲದ ಮಾತ್ರೆಯನ್ನೇ ಬಿಡುವುದು. ಅನ್ನನಾಳದಲ್ಲಿ ಒಂದು ದಿನ ಪಿ.ಎಚ್. ಅಳೆಯುವ ಪರೀಕ್ಷೆ ಈಗ ನಮ್ಮ ದೊಡ್ಡ ಊರುಗಳ ಜಠರರೋಗ ವಿಭಾಗಗಳಲ್ಲಿ ನಡೆಯುತ್ತದೆ. ಪಿ.ಪಿ.ಐ.ಯನ್ನು ತಿಂಡಿಗೆ ಮುಂಚೆ ಎಂಟು ವಾರ ಸರಿಯಾಗಿ ನುಂಗಿಯೂ ಉರಿ ತಗ್ಗದವರು ಇನ್ನೊಂದು ಮಾತ್ರೆಯ ಹೆಸರು ಕೇಳುವುದಕ್ಕೆ ಮೊದಲು ಕೇಳಬೇಕಾದದ್ದು ಆ ಪರೀಕ್ಷೆಯನ್ನು.